ಚೀಲದ ಮೇಲಿನ 53

ಇವತ್ತು ಬೆಳಿಗ್ಗೆ ಒಬ್ಬರ ಮನೆಯ ಮೋಲ್ಡ್, ಅಂದರೆ ತಾರಸಿಗೆ ಕಾಂಕ್ರೀಟ್ ಹಾಕುವುದನ್ನು, ನೋಡಿ ಬಂದೆ. ತಲೆ ಇನ್ನೂ ಬಿಸಿ ಇದೆ. ಹಾಗಾಗಿ ಈ ಬರಹ ಸ್ವಲ್ಪ ಖಾರವಾಗಿಯೇ ಇರುತ್ತದೆ, ಸಹಿಸಿಕೊಳ್ಳಿ.

ಸೈಟಿಗೆ ಕಾಲಿಡುತ್ತಿದ್ದಂತೆ ಮನೆ ಯಜಮಾನರು ಸಿಮೆಂಟ್ ಚೀಲದ ರಾಶಿ ತೋರಿಸಿದರು. "ಎಲ್ಲಾ 53 ಗ್ರೇಡೇ ಸಾರ್. ಅದರಲ್ಲಿ ಕಾಂಪ್ರಮೈಸೇ ಇಲ್ಲ!" ಅವರ ಬೆನ್ನ ಹಿಂದೆಯೇ ಹುಡುಗನೊಬ್ಬ ಮಿಕ್ಸರ್‌ಗೆ ಪೈಪಿನಲ್ಲಿ ನೀರು ಬಿಡುತ್ತಿದ್ದ. ಬಕೆಟ್ ಇಲ್ಲ, ಅಳತೆ ಇಲ್ಲ, ಲೆಕ್ಕ ಇಲ್ಲ. ಬಾಂಡ್ಲಿಗೆ ಬೀಳುತ್ತಿದ್ದ ಕಾಂಕ್ರೀಟ್ ತಿಳಿಸಾರಿನ ಹಾಗಿತ್ತು. ಮೇಸ್ತ್ರಿಯನ್ನು ಕೇಳಿದರೆ, "ನೀರು ಜಾಸ್ತಿ ಇದ್ರೆ ಸಂದಿಗೆಲ್ಲಾ ಚೆನ್ನಾಗಿ ಇಳಿಯುತ್ತೆ ಸಾರ್" ಅಂದ. ಇಳಿಯುತ್ತಪ್ಪಾ, ಖಂಡಿತ ಇಳಿಯುತ್ತೆ. ಅದರ ಜೊತೆ ಸ್ಟ್ರೆಂತೂ ಇಳಿಯುತ್ತೆ.

ಮನೆ ಕಟ್ಟಿಸುವವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಅವರು ನನ್ನನ್ನು ಕೇಳುವ ಮೊದಲ ಪ್ರಶ್ನೆಯೇ "43 ಹಾಕಿಸೋದಾ, 53 ಹಾಕಿಸೋದಾ?" ಎರಡನೇ ಪ್ರಶ್ನೆ ಬ್ರ್ಯಾಂಡಿನದು. ಚೀಲಕ್ಕೆ ಎಷ್ಟು ಲೀಟರ್ ನೀರು ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ.

ಆ 53 ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಹಾಕಿ ಗಾರೆ ಕಲಸುತ್ತಾರೆ. ಮರಳು ಅಂದರೆ ಸಿಕ್ಕಿದ ಮರಳಲ್ಲ, ತಮಿಳುನಾಡಿನ ಎನ್ನೋರ್‌ನ ಪರೀಕ್ಷಾ ಮರಳು. ನೀರನ್ನು ತೂಕ ಮಾಡಿ ಹಾಕುತ್ತಾರೆ. ಏಳು ಸೆಂಟಿಮೀಟರಿನಷ್ಟು ಅಗಲದ ಪುಟ್ಟ ಕ್ಯೂಬ್ ಮಾಡಿ, ಮಾರನೇ ದಿನ ಅಚ್ಚಿನಿಂದ ತೆಗೆದು ನೀರಿನಲ್ಲಿ ಮುಳುಗಿಸಿಡುತ್ತಾರೆ. 28ನೇ ದಿನ ಮೆಷಿನ್ನಿಗಿಟ್ಟು ಒತ್ತುತ್ತಾರೆ. ಒಂದು ಚದರ ಮಿಲಿಮೀಟರಿಗೆ ಕನಿಷ್ಠ 53 ನ್ಯೂಟನ್ ತಡೆದರೆ ಅದು 53 ಗ್ರೇಡ್. ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 540 ಕೆಜಿ ಭಾರ. 43, 33 ಗ್ರೇಡಿನ ಲೆಕ್ಕವೂ ಹೀಗೆಯೇ.

ಗಮನಿಸಿ, ಅಳೆದು ಹಾಕಿದ ನೀರು, ಆಮೇಲೆ ನೀರಿನಲ್ಲೇ ವಾಸ. ಆ ಎರಡೂ ಇದ್ದದ್ದಕ್ಕೆ ಸಿಕ್ಕ ನಂಬರ್ ಅದು. ನಮಗೆ ನಂಬರ್ ಬೇಕು, ಆ ಎರಡು ಬೇಡ. ಇದೇ ನನ್ನ ಸಿಟ್ಟು.

ಇನ್ನೂ ತಮಾಷೆ ಅಂದರೆ, 53 ಗ್ರೇಡ್ ಸಿಮೆಂಟ್ ಹಾಕಿದರೆ 53ರ ಸ್ಟ್ರೆಂತಿನ ಕಾಂಕ್ರೀಟ್ ಬರುತ್ತದೆ ಅಂತ ನಂಬಿದವರಿದ್ದಾರೆ. ಓದಿದವರೇ! ನಿಮ್ಮ ಪ್ಲಾನಿನಲ್ಲಿ ಬರೆದಿರುವುದು ಎಂ20 ಅಥವಾ ಎಂ25. ಅದು ಕಾಂಕ್ರೀಟಿನ ಗ್ರೇಡ್. 28 ದಿನಕ್ಕೆ ಚದರ ಮಿಲಿಮೀಟರಿಗೆ 20 ಅಥವಾ 25 ನ್ಯೂಟನ್ ಬರಬೇಕು, ಅಷ್ಟೇ. ಅದನ್ನು 43 ಗ್ರೇಡಿನಲ್ಲೂ ಮಾಡಬಹುದು, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿನಲ್ಲೂ ಮಾಡಬಹುದು. ನೀರು ಸುರಿದು ಕೆಡಿಸುವುದಾದರೆ 53ರಲ್ಲೂ ಧಾರಾಳವಾಗಿ ಕೆಡಿಸಬಹುದು.

50 ಕೆಜಿ ಚೀಲಕ್ಕೆ 25 ಲೀಟರ್ ನೀರು ಅಂದರೆ ಸಿಮೆಂಟಿನ ತೂಕಕ್ಕೆ ನೀರಿನ ಅನುಪಾತ 0.5. ಎಂ20 ನಾಮಿನಲ್ ಮಿಕ್ಸಿಗೆ (ಲ್ಯಾಬಿನ ಮಿಕ್ಸ್ ಡಿಸೈನ್ ಇಲ್ಲದೆ ನಿಗದಿತ ಪ್ರಮಾಣದಲ್ಲಿ ಕಲಸುವುದಕ್ಕೆ) ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಕೊಡುವ ಗರಿಷ್ಠ ಮಿತಿಯೇ ಚೀಲಕ್ಕೆ 30 ಲೀಟರ್. ಎಂ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಒದ್ದೆಯಾಗಿದ್ದರೆ ಅದರಲ್ಲಿರುವ ನೀರನ್ನೂ ಇದರಲ್ಲೇ ಕಳೆಯಬೇಕು. ಸಿಮೆಂಟು ಗಟ್ಟಿಯಾಗುವ ಕ್ರಿಯೆಗೆ ಬೇಕಾಗುವುದು ತನ್ನ ತೂಕದ ಕಾಲು ಭಾಗಕ್ಕಿಂತ ಕಡಿಮೆ ನೀರು. ಉಳಿದದ್ದು ಕಲಸಲು, ಹರಡಲು ಅನುಕೂಲಕ್ಕೆ. ಆ ಹೆಚ್ಚಿನ ನೀರು ನಿಧಾನವಾಗಿ ಆವಿಯಾಗಿ ಹೋಗುತ್ತದೆ, ಜಾಗದಲ್ಲಿ ಸಣ್ಣ ಸಣ್ಣ ತೂತು ಬಿಟ್ಟು ಹೋಗುತ್ತದೆ. ಆಮೇಲೆ ಮಳೆಗಾಲದಲ್ಲಿ "ಸಾರ್, ಸ್ಲ್ಯಾಬ್ ಜಿನುಗುತ್ತಿದೆ, ಸಿಮೆಂಟ್ ಡೂಪ್ಲಿಕೇಟ್ ಇರಬೇಕು" ಅಂತ ಫೋನ್. ಬೈಸಿಕೊಳ್ಳುವುದು ಪಾಪದ ಸಿಮೆಂಟು.

"ಆದರೂ ಜಾಸ್ತಿ ಸ್ಟ್ರೆಂತ್ ಇದ್ರೆ ಒಳ್ಳೇದೇ ಅಲ್ವಾ, ಕಳ್ಕೊಳೋದೇನು?" ಅಂತ ಯಾರಾದರೂ ಕಾಮೆಂಟ್ ಹಾಕೇ ಹಾಕುತ್ತೀರಿ. ಸರಿ, 53ಕ್ಕೂ ಅದರ ಜಾಗ ಇದೆ. ಎತ್ತರದ ಕಟ್ಟಡ, ಪ್ರಿಕಾಸ್ಟ್ (ಮೊದಲೇ ಎರಕ ಹೊಯ್ದು ತಂದು ಜೋಡಿಸುವ ಭಾಗ), ಪ್ರಿಸ್ಟ್ರೆಸ್ ಮಾಡಿದ, ಅಂದರೆ ಒಳಗಿನ ಉಕ್ಕನ್ನು ಬಿಗಿದೆಳೆದು ಮಾಡಿದ ಸೇತುವೆ ತೊಲೆ, ಅಂಥ ಕಡೆ ಅದೇ ಸರಿ. ಮೂರೇ ದಿನಕ್ಕೆ 27 ನ್ಯೂಟನ್ ತಲುಪಬೇಕಾದ ಸಿಮೆಂಟ್ ಅದು. ಪಿಪಿಸಿಗೆ ಮೂರು ದಿನಕ್ಕೆ 16 ಬಂದರೆ ಸಾಕು. ಆದರೆ ನಿಮ್ಮ ಎರಡಂತಸ್ತಿನ ಮನೆಗೆ ಆ ಅವಸರ ಯಾಕೆ? ಅವಸರ ಇರುವುದು ಸೆಂಟ್ರಿಂಗ್ (ಕಾಂಕ್ರೀಟಿಗೆ ಆಸರೆಯ ಹಲಗೆ, ಕಂಬ) ಬಿಚ್ಚಿ ಇನ್ನೊಂದು ಸೈಟಿಗೆ ಸಾಗಿಸಬೇಕಾದವರಿಗೆ. ಬೇಗ ಸ್ಟ್ರೆಂತ್ ಬರುವಾಗ ಒಳಗೆ ಬಿಸಿಯೂ ಬೇಗ ಹುಟ್ಟುತ್ತದೆ. ಬಿಸಿಲಲ್ಲಿ ಕ್ಯೂರಿಂಗ್ (ಕಾಂಕ್ರೀಟನ್ನು ಒದ್ದೆಯಾಗಿಡುವುದು) ತಪ್ಪಿದರೆ ಬಿರುಕಿಗೆ ಅದು ದಾರಿ. ಪ್ಲಾಸ್ಟರಿಂಗಿಗೂ 53 ಹಾಕಿಸಿ, ಗೋಡೆ ತುಂಬಾ ಕೂದಲೆಳೆಯ ಬಿರುಕು ಬರಿಸಿಕೊಂಡು, ಅದರ ಮೇಲೆ ಪುಟ್ಟಿ ಬಳಿದವರನ್ನು ಬೇಕಾದಷ್ಟು ನೋಡಿದ್ದೇನೆ. ಒಂದು ಮಾತು ಹೇಳಿಬಿಡುತ್ತೇನೆ, ಗೃಹಪ್ರವೇಶಕ್ಕೆ ಹೋದರೆ ನನ್ನ ಕಣ್ಣು ಮೊದಲು ಹೋಗುವುದು ಕಿಟಕಿ ಮೂಲೆಯ ಬಿರುಕಿಗೆ, ಆಮೇಲೆ ಊಟದ ಎಲೆಗೆ. ನನ್ನನ್ನು ಕರೆಯುವುದನ್ನು ಕೆಲವರು ಬಿಟ್ಟಿರುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಪಿಪಿಸಿ ಅಂದ ಕೂಡಲೇ ಮುಖ ಸಿಂಡರಿಸುವವರು ಬೇರೆ. "ಅದಕ್ಕೆ ಬೂದಿ ಬೆರೆಸಿರ್ತಾರಂತಲ್ಲಾ?" ಹೌದು, ಬೆರೆಸಿರುತ್ತಾರೆ. ಕದ್ದುಮುಚ್ಚಿ ಅಲ್ಲ, ನಿಯಮದ ಪ್ರಕಾರ ನೂರಕ್ಕೆ 15ರಿಂದ 35ರಷ್ಟು ಹಾರುಬೂದಿ. ಸಿಮೆಂಟಿಗೆ ನೀರು ಸೇರಿದಾಗ ಒಳಗೆ ಒಂದಷ್ಟು ಸುಣ್ಣ ಬಿಡುಗಡೆ ಆಗುತ್ತದೆ. ಆ ಸುಣ್ಣ ತಾನಾಗಿ ಯಾವ ಬಲವನ್ನೂ ಕೊಡುವುದಿಲ್ಲ. ಬೂದಿಯಲ್ಲಿರುವ ಸಿಲಿಕಾ ಅದನ್ನು ಹಿಡಿದು ಮತ್ತಷ್ಟು ಅಂಟನ್ನು ಮಾಡುತ್ತದೆ, ತೂತುಗಳನ್ನು ತುಂಬುತ್ತದೆ. ನಿಧಾನ, ಆದರೆ ಕೆಲಸ ಗಟ್ಟಿ. 28 ದಿನ ಕಳೆದ ಮೇಲೂ ಬಲ ಏರುತ್ತಲೇ ಇರುತ್ತದೆ. ಪಾಯಕ್ಕೆ, ನೀರಿನ ಸಂಪ್‌ಗೆ, ಗೋಡೆಗೆ, ಪ್ಲಾಸ್ಟರಿಂಗಿಗೆ ನಾನು ಹೇಳುವುದು ಅದನ್ನೇ. ಸ್ಲ್ಯಾಬಿಗೂ ಆಗುತ್ತದೆ, ಸೆಂಟ್ರಿಂಗ್ ಬಿಚ್ಚಲು ಆತುರಪಡಬಾರದು ಅಷ್ಟೇ. ತಾಳ್ಮೆ ಇಲ್ಲ ಅಂದರೆ ಸ್ಲ್ಯಾಬಿಗೆ ಮಾತ್ರ 43 ಹಾಕಿ, ಜಗಳ ಬೇಡ.

ಇನ್ನೊಂದು ವಿಷಯ. ಪಿಪಿಸಿಗೆ 43, 53 ಅಂತ ಗ್ರೇಡೇ ಇಲ್ಲ. ಅದರ ಮಾನದಂಡವಾದ ಐಎಸ್ 1489ರಲ್ಲಿರುವುದು 28 ದಿನಕ್ಕೆ ಕನಿಷ್ಠ 33 ಅನ್ನುವ ಒಂದೇ ಮಿತಿ. "ಇದು 53 ಪಿಪಿಸಿ ಸಾರ್" ಅಂತ ಯಾರಾದರೂ ಮಾರಿದರೆ ಚೀಲದ ಮೇಲೆ ಅದು ಎಲ್ಲಿದೆ ತೋರಿಸು ಅನ್ನಿ. ಅವರ ಮುಖ ನೋಡಿ.

ಇನ್ನು ಕ್ಯೂರಿಂಗ್. ಬೆಳಿಗ್ಗೆ ಒಂದು ಸಲ ಪೈಪ್ ಹಿಡಿದು ಗೋಡೆಗೆ ನೀರು ಚಿಮುಕಿಸಿ ಫೋಟೋ ಹಾಕುವುದಕ್ಕೆ ಕ್ಯೂರಿಂಗ್ ಅನ್ನುವುದಿಲ್ಲ. ಓಪಿಸಿಗೆ (43, 53ರಂಥ ಬೂದಿ ಬೆರೆಸದ ಸಿಮೆಂಟಿಗೆ) ಕನಿಷ್ಠ ಏಳು ದಿನ, ಪಿಪಿಸಿಗೆ ಹತ್ತು ದಿನ ಒದ್ದೆಯಾಗಿರಬೇಕು. ಬಿಸಿಲು, ಒಣಗಾಳಿ ಇದ್ದರೆ ಹತ್ತು ಮತ್ತು ಹದಿನಾಲ್ಕು. ಸ್ಲ್ಯಾಬಿನ ಮೇಲೆ ಬದು ಕಟ್ಟಿ ನೀರು ನಿಲ್ಲಿಸಿ. ಕಂಬಕ್ಕೆ ಗೋಣಿಚೀಲ ಸುತ್ತಿ, ಅದು ಒಣಗದ ಹಾಗೆ ನೋಡಿಕೊಳ್ಳಿ. ಎಂಥಾ ವಿಚಿತ್ರ ನೋಡಿ, ಕಲಸುವಾಗ ಬೇಡ ಅಂದಷ್ಟೂ ನೀರು ಸುರಿಯುತ್ತಾರೆ. ಗಟ್ಟಿಯಾದ ಮೇಲೆ ಬೇಕು ಅಂದರೆ "ಬೋರ್‌ನಲ್ಲಿ ನೀರಿಲ್ಲ ಸಾರ್" ಅಂತಾರೆ!

ಈಗ ಯಾರೂ ಇನ್‌ಬಾಕ್ಸಿಗೆ ಬಂದು ಬ್ರ್ಯಾಂಡ್ ಕೇಳಬೇಡಿ, ಹೇಳುವುದಿಲ್ಲ. ಐಎಸ್‌ಐ ಗುರುತು ಇದೆಯಾ, ಯಾವ ವಾರ, ಯಾವ ತಿಂಗಳು ತಯಾರಾಗಿದ್ದು, ಅದನ್ನು ಚೀಲದ ಮೇಲೆ ಓದಿ. ಮೂರು ತಿಂಗಳು ದಾಟಿದ್ದರೆ ಮತ್ತೆ ಟೆಸ್ಟ್ ಮಾಡಿಸದೆ ಬಳಸಬಾರದು, ಅದು 53 ಆದರೂ ಅಷ್ಟೇ. ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಪೇರಿಸಿದ್ದರೆ ಇವತ್ತೇ ಎತ್ತಿ ಹಲಗೆ ಮೇಲಿಡಿಸಿ. ಮತ್ತೆ ಆ ಮಿಕ್ಸರ್ ಹತ್ತಿರದ ಹುಡುಗನಿಗೆ ಅಳತೆಯ ಗೆರೆ ಇರುವ ಒಂದು ಬಕೆಟ್ ಕೊಡಿಸಿ.