ಮೂಗಿಗೊಂದು ಚೀಟಿ, ಬೆಂಡೆಗೊಂದು ಚೀಟಿ

ಈ ವಾರ ನಮ್ಮ ಮನೆಯಲ್ಲಿ ಇಬ್ಬರಿಗೆ ಹುಷಾರಿಲ್ಲ. ಒಬ್ಬ ನಾನು. ಇನ್ನೊಂದು ತಾರಸಿಯ ಮೇಲಿನ ಬೆಂಡೆ ಗಿಡ. ನನ್ನದು ನೆಗಡಿ. ಎರಡು ಕರ್ಚೀಫು ಮುಗಿದು ಮೂರನೆಯದು ಕಿಟಕಿ ಸರಳಿನ ಮೇಲೆ ಒಣಗುತ್ತಿದೆ. ಗಿಡದ್ದು ಸ್ವಲ್ಪ ಚೆಂದದ ಕಾಯಿಲೆ. ಎಲೆಯ ನರಗಳೆಲ್ಲ ಹಳದಿ, ನಡುನಡುವೆ ಹಸಿರು. ಯಾರೋ ಪುರುಸೊತ್ತಿನಲ್ಲಿ ಕುಳಿತು ಅರಿಶಿನದಿಂದ ಬಲೆ ಬರೆದ ಹಾಗಿದೆ. ಬಟ್ಟೆ ಒಣಗಿಸಲು ಬಂದ ಪಕ್ಕದ ಮನೆಯವರು ‘ಇದೇನು, ಹೊಸ ಶೋ ಗಿಡವಾ?’ ಎಂದು ಕೇಳಿದರು. ನಾನು ಸೀನಿ ಉತ್ತರ ಕೊಟ್ಟೆ.

ಡಾಕ್ಟರು ನನ್ನ ಗಂಟಲಿಗೆ ಟಾರ್ಚು ಬಿಟ್ಟು ‘ವೈರಲ್’ ಎಂದರು. ಗಿಡದ ಫೋಟೊ ನೋಡಿದ ಊರಿನ ಭಾವ ಫೋನಿನಲ್ಲಿ ‘ನಂಜು ರೋಗ ಕಣಯ್ಯಾ, ಕಿತ್ತು ಬಿಸಾಕು’ ಎಂದ. ಇಬ್ಬರೂ ಹೇಳಿದ್ದು ಒಂದೇ. ವೈರಸ್ ಎಂದರೆ ಲ್ಯಾಟಿನ್ನಿನಲ್ಲಿ ವಿಷ. ಅವರ ‘ವೈರಸ್’ ಮತ್ತು ಸಂಸ್ಕೃತದಿಂದ ನಮಗೆ ಬಂದ ‘ವಿಷ’ ಹಳೇ ಬೇರೊಂದರಿಂದ ಒಡೆದ ದಾಯಾದಿ ಪದಗಳು. ಕನ್ನಡದಲ್ಲಿ ಯಾರೋ ಜಾಣರು ಅದಕ್ಕೊಂದು ಅಣು ಸೇರಿಸಿ ‘ವೈರಾಣು’ ಮಾಡಿದರು. ವೈರಸ್ಸೂ ಬಂತು, ವೈರವೂ ಬಂತು. ಪದವೇನೋ ಚೆನ್ನಾಗಿದೆ. ಆದರೆ ನನ್ನದೊಂದು ತಕರಾರಿದೆ. ವೈರ ಸಾಧಿಸಲು ಮೈಯಲ್ಲಿ ಒಂದಿಷ್ಟು ಕಸುವಾದರೂ ಬೇಡವೇ? ಇದು ತಿನ್ನುವುದಿಲ್ಲ, ಉಸಿರಾಡುವುದಿಲ್ಲ, ಬೆಳೆಯುವುದಿಲ್ಲ. ಬಾಗಿಲ ಚಿಲಕದ ಮೇಲೆ ಕೂತಿದ್ದಾಗ ಅದು ಬರೀ ಒಂದು ಮಡಿಚಿಟ್ಟ ಚೀಟಿ.

ಚೀಟಿ ಎಂದರೆ ನನಗೆ ಮದುವೆ ಮನೆಯ ಅಡುಗೆ ಭಟ್ಟರು ನೆನಪಾಗುತ್ತಾರೆ. ಅವರಿಗಿಂತ ಮುಂಚೆ ಅವರ ಚೀಟಿ ಬರುತ್ತದೆ. ಬೆಲ್ಲ ಇಷ್ಟು, ತೊಗರಿಬೇಳೆ ಇಷ್ಟು. ಸೌದೆ ನಮ್ಮದು, ಪಾತ್ರೆ ನಮ್ಮದು, ನೀರೂ ನಮ್ಮದು. ವೈರಾಣು ಇನ್ನೂ ಒಂದು ಹೆಜ್ಜೆ ಮುಂದೆ. ಇಲ್ಲಿ ಭಟ್ಟರು ಬರುವುದೇ ಇಲ್ಲ. ಚೀಟಿ ಮಾತ್ರ ಬರುತ್ತದೆ. ಸೌಟು ಹಿಡಿಯುವವರೂ ನಾವೇ.

ನೆಗಡಿ ತರುವವರ ಪೈಕಿ ರೈನೊವೈರಸ್ಸಿನದೇ ಮೇಲುಗೈ. ನನ್ನ ಮೂಗಿನಲ್ಲಿರುವುದು ಅದೇ ಎಂದು ಯಾರೂ ಪರೀಕ್ಷೆ ಮಾಡಿಲ್ಲ. ಸುಮ್ನೆ ಹಾಗಂದುಕೊಂಡಿದ್ದೇನೆ. ರೈನೊ ಎಂದರೆ ಇಲ್ಲಿ ಘೇಂಡಾಮೃಗ ಅಲ್ಲ, ಗ್ರೀಕ್ ಭಾಷೆಯ ಮೂಗು. ಅಡ್ಡಳತೆ ಸುಮಾರು 30 ನ್ಯಾನೊಮೀಟರ್. ಒಂದು ಮಿಲಿಮೀಟರಿನಲ್ಲಿ 30,000ಕ್ಕೂ ಜಾಸ್ತಿ ಮಂದಿ ಸಾಲಾಗಿ ನಿಲ್ಲಬಹುದು. ಅದಕ್ಕೆ ಇಷ್ಟದ ಬಿಸಿ 33 ಡಿಗ್ರಿ. ಮೈಯೊಳಗಿನ 37 ಅದಕ್ಕೆ ಸೆಕೆ. ತಣ್ಣನೆಯ ಗಾಳಿ ಆಡುವ ಮೂಗೇ ಹಿತ.

ಅದರ ಚೀಟಿ ಎಂದರೆ ಅದರ ವಂಶವಾಹಿ ಬರಹ. ಅದರಲ್ಲಿರುವುದು ಸುಮಾರು 7,200 ಅಕ್ಷರ. ನಮ್ಮದರಲ್ಲಿ 300 ಕೋಟಿ. ಇಷ್ಟು ಸಣ್ಣ ಚೀಟಿಯಲ್ಲಿ ದೊಡ್ಡ ಬಂಗಲೆಯ ನಕ್ಷೆ ಹಿಡಿಸುವುದಿಲ್ಲ. ಅದಕ್ಕೇ ಅದು ನಮ್ಮೂರ ಮೇಸ್ತ್ರಿಯ ದಾರಿ ಹಿಡಿಯುತ್ತದೆ. ನಾಲ್ಕೇ ಅಚ್ಚು, ಒಂದೊಂದು ಅಚ್ಚಿನಲ್ಲೂ 60 ಪ್ರೋಟೀನಿನ ಇಟ್ಟಿಗೆ. ಅವೆಲ್ಲ ತಾವಾಗಿ ಕೂಡಿಕೊಂಡರೆ 20 ತ್ರಿಕೋನಗಳ ಒಂದು ಡಬ್ಬಿ. ಡಬ್ಬಿಯೊಳಗೆ ಚೀಟಿ. ಮುಗಿಯಿತು ಮನೆ. ಕೊರೋನಾಗೆ ಹೊರಗೊಂದು ಜಿಡ್ಡಿನ ಶಾಲು ಇರುತ್ತದೆ, ಅದೂ ನಮ್ಮ ಜೀವಕೋಶದಿಂದಲೇ ಹೊದ್ದು ಬಂದದ್ದು. ಬಾಣಲೆಯ ಜಿಡ್ಡಿನಂತೆ ಅದು ಸೋಪಿಗೆ ಕರಗುತ್ತದೆ. ನೆಗಡಿಯವನಿಗೆ ಶಾಲಿಲ್ಲ, ಕರಗುವ ಭಯವೂ ಇಲ್ಲ. ಕೈ ತಿಕ್ಕಿ ತೊಳೆದು ನೀರಿನ ಜೊತೆ ಸಾಗಹಾಕಬೇಕು.

ಒಳಗೆ ಹೋಗುವ ರೀತಿ ಕೇಳಿ. ಮೂಗಿನ ಒಳಪದರದ ಜೀವಕೋಶಗಳ ಮೇಲೆ ಒಂದು ಹಿಡಿಕೆ ಇದೆ. ನಮ್ಮ ಬಿಳಿರಕ್ತಕಣಗಳು ಕಾವಲಿಗೆ ಬಂದಾಗ ಹಿಡಿದು ನಿಲ್ಲಲಿ ಎಂದು ಇರುವ ಹಿಡಿಕೆ. ಬಹುಪಾಲು ರೈನೊವೈರಸ್ಸುಗಳು ಜೋತು ಬೀಳುವುದು ಅದಕ್ಕೇ. ಪೊಲೀಸರಿಗೆಂದು ಹಾಕಿದ ಕುರ್ಚಿಯಲ್ಲಿ ಕಳ್ಳ ಬಂದು ಕೂತ ಹಾಗೆ. ಜೀವಕೋಶ ಅದನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಡಬ್ಬಿ ಬಿಚ್ಚಿಕೊಂಡು ಚೀಟಿ ಹೊರಬೀಳುತ್ತದೆ. ಅದು ಆರ್‌ಎನ್‌ಎಯಲ್ಲಿ ಬರೆದ ಚೀಟಿ. ನಮ್ಮ ಕೋಶಗಳು ದಿನವೂ ಓದುವುದು ಅದೇ ಲಿಪಿಯನ್ನು. ಯಾರು ಬರೆದದ್ದು ಎಂದು ಕೇಳದೆ ಅಡುಗೆ ಶುರು ಮಾಡುತ್ತವೆ.

ನನಗೆ ತುಂಬಾ ಇಷ್ಟವಾದ ಭಾಗ ಇಲ್ಲಿದೆ. ಅದು ಬಗೆಬಗೆಯ ಪ್ರೋಟೀನುಗಳನ್ನು ಬೇರೆಬೇರೆಯಾಗಿ ಮಾಡಿಸುವುದಿಲ್ಲ. ಮೈಸೂರು ಪಾಕು ತಟ್ಟೆಗೆ ಹೊಯ್ದ ಹಾಗೆ ಒಂದೇ ಉದ್ದನೆಯ ಪ್ರೋಟೀನು ಮಾಡಿಸಿ, ಆಮೇಲೆ ತುಂಡು ಮಾಡುತ್ತದೆ. ಕತ್ತರಿಸುವ ಚಾಕು ಎಲ್ಲಿಂದ ಬಂತು? ಅದೂ ಆ ಪಾಕಿನದೇ ಒಂದು ತುಂಡು! ಮತ್ತೊಂದು ತುಂಡು ಚೀಟಿಯ ನಕಲು ತೆಗೆಯಲು ಕೂರುತ್ತದೆ. ಇನ್ನು ನಾಲ್ಕು ತುಂಡು ಇಟ್ಟಿಗೆಗಳಾಗುತ್ತವೆ. ಅರ್ಧ ದಿನ ಕಳೆಯುವುದರೊಳಗೆ ಹೊಸ ಡಬ್ಬಿಗಳು ಹೊರಗೆ ಹೊರಟಿರುತ್ತವೆ. ನಕಲು ಮಾಡುವವನು ತಿದ್ದಿ ನೋಡುವವನಲ್ಲ, ಕಾಗುಣಿತ ತಪ್ಪುತ್ತಲೇ ಇರುತ್ತದೆ. ಹಾಗೆ ತಪ್ಪಿ ತಪ್ಪಿಯೇ ಇವತ್ತು 160ಕ್ಕೂ ಹೆಚ್ಚು ಬಗೆಯ ರೈನೊವೈರಸ್ಸುಗಳಿವೆ. ಒಬ್ಬನ ಗುರುತು ಹಿಡಿದಿಟ್ಟುಕೊಂಡರೆ ಇನ್ನೊಬ್ಬ ಬರುತ್ತಾನೆ. ವರ್ಷಕ್ಕೆರಡು ಸಲ ನೆಗಡಿ ಬಂದರೆ ಆಶ್ಚರ್ಯ ಇಲ್ಲ, ಅಲ್ವಾ?

ಚೀಟಿಯೇ ಮುಖ್ಯ, ಡಬ್ಬಿಯಲ್ಲ ಎಂಬುದು ಗೊತ್ತಾದದ್ದು ಒಂದು ಮಿಕ್ಸಿಯಿಂದ. 1952ರಲ್ಲಿ ಅಮೆರಿಕದಲ್ಲಿ ಆಲ್‌ಫ್ರೆಡ್ ಹರ್ಶಿ ಮತ್ತು ಮಾರ್ಥಾ ಚೇಸ್ ಬ್ಯಾಕ್ಟೀರಿಯಾವನ್ನು ಕಾಡುವ ವೈರಾಣುವೊಂದನ್ನು ಹಿಡಿದರು. ಅದಕ್ಕೆ ತಲೆ, ಬಾಲ, ಜೇಡದಂಥ ಕಾಲು ಎಲ್ಲ ಇದೆ. ಬ್ಯಾಕ್ಟೀರಿಯಾದ ಬೆನ್ನ ಮೇಲೆ ನಿಂತು ಇಂಜೆಕ್ಷನ್ ಕೊಟ್ಟ ಹಾಗೆ ತನ್ನ ಚೀಟಿಯಾದ ಡಿಎನ್‌ಎಯನ್ನು ಒಳಗೆ ಬಿಡುತ್ತದೆ. ಇಬ್ಬರೂ ಹೊರಗಿನ ಪ್ರೋಟೀನಿಗೆ ಒಂದು ವಿಕಿರಣದ ಗುರುತು, ಒಳಗಿನ ಡಿಎನ್‌ಎಗೆ ಇನ್ನೊಂದು ಗುರುತು ಹಾಕಿ, ಎಲ್ಲವನ್ನೂ ಬ್ಲೆಂಡರಿನಲ್ಲಿ ತಿರುಗಿಸಿದರು. ಚಟ್ನಿ ರುಬ್ಬುವಂಥದ್ದೇ ಬ್ಲೆಂಡರು. ಹೊರಗಿನ ಪ್ರೋಟೀನು ಬಹುಪಾಲು ಕಳಚಿ ಬಿತ್ತು. ಡಿಎನ್‌ಎ ಬ್ಯಾಕ್ಟೀರಿಯಾದೊಳಗೆ ಉಳಿಯಿತು. ಒಳಗಿಂದ ಹೊಸ ವೈರಾಣುಗಳು ಬಂದೇ ಬಂದವು. ನಮ್ಮ ಮನೆಯ ಮಿಕ್ಸಿ ಗರ್ರ್ ಎಂದಾಗಲೆಲ್ಲ ನಾನು ಈ ಕತೆ ಹೇಳುತ್ತೇನೆ. ಮನೆಯಾಕೆ ಅದಕ್ಕೇ ಮಿಕ್ಸಿಯ ಸ್ಪೀಡು ಜಾಸ್ತಿ ಮಾಡುತ್ತಾಳೆ.

ಬೆಂಡೆಯ ವಿಷಯಕ್ಕೆ ಬರೋಣ. ಅದರ ಚೀಟಿ ಡಿಎನ್‌ಎಯದು. ಡಬ್ಬಿಯೂ ಬೇರೆ ಥರ. ಎಣ್ಣೆಯಲ್ಲಿ ಅಂಟಿಕೊಂಡು ಬೆಂದ ಅವಳಿ ಬೋಂಡದ ಹಾಗೆ ಎರಡು ಡಬ್ಬಿ ಒಟ್ಟಿಗೆ. ಗಿಡದ ಕೋಶಕ್ಕೆ ಗಟ್ಟಿ ಗೋಡೆ ಇದೆ, ನೆಗಡಿಯ ಹಾಗೆ ಹಿಡಿಕೆ ಹಿಡಿದು ಒಳಗೆ ಹೋಗಲಾಗದು. ಹಾಗಾಗಿ ಬಿಳಿನೊಣದ ಸವಾರಿ. ಎಲೆಯ ಅಡಿ ತಿರುಗಿಸಿ ನೋಡಿದೆ. ಅಕ್ಕಿ ನುಚ್ಚಿಗಿಂತ ಸಣ್ಣ ಬಿಳಿ ನೊಣಗಳು ಬುರ್ರನೆ ಎದ್ದವು. ಇವು ಸೂಜಿಬಾಯಿ ಚುಚ್ಚಿ ರಸ ಹೀರುವಾಗ ಚೀಟಿಯೂ ಬಟವಾಡೆ. ಆಮೇಲೆ ಅದು ಕೋಶದ ನಡುಮನೆಗೇ ಹೋಗಿ ಗಿಡದ ಕೈಯಲ್ಲೇ ನಕಲು ತೆಗೆಸುತ್ತದೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕಾಡುಬೆಂಡೆಯ ಜೊತೆ ಕೂಡಿಸಿ, ಈ ನಂಜು ತಡೆಯಲೆಂದೇ ಅರ್ಕಾ ಅನಾಮಿಕ ಎಂಬ ತಳಿ ತಂದಿದ್ದರು. ನಾನು ಬೀಜ ತಂದದ್ದು ಸಂತೆಯಿಂದ, ಪೊಟ್ಟಣ ಕೂಡ ನೋಡದೆ.

ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುತ್ತಾರಾ ಎಂದು ಗಾದೆ ಕೇಳುತ್ತದೆ. ಚಿಕ್ಕ ಪ್ರಮಾಣದಲ್ಲಿ ಮೈ ಮಾಡುವುದು ಅದನ್ನೇ. ಚೀಟಿ ಸಿಕ್ಕ ಕೋಶಗಳನ್ನು ಉದುರಿಸಿಬಿಡುತ್ತದೆ. ಮೂಗು ಸೋರುವುದು, ಕಟ್ಟುವುದು, ಸೀನು, ಬಹುಪಾಲು ನಮ್ಮ ಮೈಯದೇ ಗಲಾಟೆ. ಭಾವ ಬೆಂಡೆಗೆ ಹೇಳಿದ್ದೂ ಮೂಗು ಕೊಯ್ಯುವ ಮದ್ದೇ. ಪಕ್ಕದ ಗಿಡಕ್ಕೆ ಹರಡದಿರಲು ಅದೇ ಸರಿ. ನನ್ನ ತಾರಸಿಯಲ್ಲಿ ಪಕ್ಕದ ಬೆಂಡೆ ಗಿಡ ಇಲ್ಲ. ಆದರೂ ನಿನ್ನೆ ಸಂಜೆ ಕಿತ್ತೆ. ಬುಡದ ಹತ್ತಿರ ಏಳು ಕಾಯಿ ಇತ್ತು. ಮಾಸಲು ಹಳದಿ, ಗಿಡ್ಡ, ನಾರು. ಗಿಡದ ವೈರಾಣು ಮನುಷ್ಯರಿಗೆ ಅಂಟುವುದಿಲ್ಲ, ಅದರ ಚೀಟಿ ನಮ್ಮ ಅಡುಗೆಮನೆಯಲ್ಲಿ ಓದಲು ಬರುವುದಿಲ್ಲ ಎಂದು ನಾನು ಧೈರ್ಯ ಹೇಳಿದ ಮೇಲೆ ಅವು ಗೊಜ್ಜಾದವು.

‘ಹೇಗಿದೆ?’ ಎಂದಳು ಮನೆಯಾಕೆ, ತಾನು ಬಡಿಸಿಕೊಳ್ಳುವ ಮೊದಲು.

ನನ್ನ ಮೂಗು ಪೂರ್ತಿ ಕಟ್ಟಿತ್ತು. ಚೆನ್ನಾಗಿದೆ ಎಂದೆ.