ಪಾರ್ಕು ಎಲ್ಲರದು, ಏರಿದ ಬೆಲೆ ಯಾರದು?

ಕರ್ನಾಟಕದ ಹೊರಗೆ ನೆಲೆಸಿದ ನಮ್ಮಂಥವರಲ್ಲಿ ಹೆಚ್ಚಿನವರು ಮೊದಲಿಗೆ ಬಾಡಿಗೆದಾರರೇ. ಹೀಗಾಗಿ ನಗರದ ಉದ್ಯಾನವನ್ನು ನೋಡುವ ನಮ್ಮ ಕಣ್ಣೂ ಬೇರೆ. ಮಾಲೀಕನಿಗೆ ಮನೆ ಮುಂದಿನ ಪಾರ್ಕು ತಾನು ನೀರೆರೆಯದೆಯೂ ಬೆಳೆಯುವ ಆಸ್ತಿ. ಬಾಡಿಗೆದಾರನಿಗೆ ಅದು ಕರಾರು ನವೀಕರಿಸುವ ಹೊತ್ತಿಗೆ ಎದುರಾಗುವ ಹೊಸ ಅಂಕಿ. ನಾನಾ ನಗರಗಳ ರೀತಿಯನ್ನು ಈ ಎರಡನೆಯ ಕಣ್ಣಿನಿಂದ ಹೋಲಿಸಿದಾಗ, ಹಸಿರು ಬಂದರೆ ಬೆಲೆ ಏರುತ್ತದೆ ಎಂಬುದರಲ್ಲಿ ನನಗೆ ತಕರಾರು ಕಾಣುವುದಿಲ್ಲ. ಏರಿದ್ದು ಯಾರಿಗೆ ಸೇರಬೇಕೆಂದು ಮೊದಲೇ ತೀರ್ಮಾನಿಸದೆ ಗಿಡ ನೆಡುವ ಆಡಳಿತದ ಬಗ್ಗೆ ಮಾತ್ರ ಸಿಟ್ಟು ಬರುತ್ತದೆ.

ಏರಿಕೆಯಂತೂ ನಿಜ. ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ಹಾಕಿದ ಲೆಕ್ಕದಂತೆ, ಸಾರ್ವಜನಿಕ ಹಸಿರು ತಾಣದಿಂದ 100 ಮೀಟರ್ ಒಳಗಿರುವ ಮನೆಯ ಬೆಲೆ 500 ಮೀಟರಿಗಿಂತ ದೂರದ ಮನೆಯದಕ್ಕಿಂತ ಸರಾಸರಿ 2,500 ಪೌಂಡ್ ಹೆಚ್ಚು. ಅಮೆರಿಕದ ಹಲವು ಅಧ್ಯಯನಗಳನ್ನು 2020ರಲ್ಲಿ ಒಟ್ಟಿಗೆ ಪರಿಶೀಲಿಸಿದ ಜಾನ್ ಕ್ರಾಂಪ್ಟನ್ ಮತ್ತು ಸಾರಾ ನಿಕೋಲ್ಸ್, ಪಾರ್ಕಿಗೆ ತಾಗಿದ ಮನೆಗಳಿಗೆ ಶೇಕಡ 8ರಿಂದ 10ರಷ್ಟು ಹೆಚ್ಚಳವನ್ನು ಒಂದು ಅಂದಾಜಾಗಿ ಇಟ್ಟುಕೊಳ್ಳಬಹುದು ಎಂದಿದ್ದಾರೆ. ಇಂಥ ಲೆಕ್ಕದ ತಳಹದಿ ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸೆನ್ 1974ರಲ್ಲಿ ರೂಪಿಸಿದ ಸಿದ್ಧಾಂತ. ಅದರ ಪ್ರಕಾರ ಮನೆಯೆಂದರೆ ಕೋಣೆ, ವಿಸ್ತೀರ್ಣ, ಶಾಲೆಯ ಸಾಮೀಪ್ಯ, ಗಾಳಿ ಬೆಳಕುಗಳ ಒಂದು ಗಂಟು. ಸಾವಿರಾರು ಮಾರಾಟಗಳನ್ನು ಹೋಲಿಸಿ ಗಂಟು ಬಿಚ್ಚಿದರೆ ಪಾರ್ಕಿನ ಪಾಲು ಬೇರೆಯಾಗುತ್ತದೆ. ಆದರೆ ಉಳ್ಳವರ ಬಡಾವಣೆಯಲ್ಲೇ ಮರ ಹೆಚ್ಚು, ಬೀದಿದೀಪ ಹೆಚ್ಚು, ಪೌರಾಡಳಿತದ ಮುತುವರ್ಜಿಯೂ ಹೆಚ್ಚು. ಹಾಗಿರುವಾಗ ಮರದ ಪಾಲು ಎಲ್ಲಿ ಮುಗಿದು ಮುತುವರ್ಜಿಯ ಪಾಲು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ಬಾಲ್ಟಿಮೋರ್ ನಗರದ ಬಗ್ಗೆ 2008ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಳ್ಳೆಯ ಪುರಾವೆ. ಅಲ್ಲಿ ಅಪರಾಧ ಒಂದು ಮಿತಿ ದಾಟಿದ ಪ್ರದೇಶಗಳಲ್ಲಿ ಪಾರ್ಕಿನ ಪಕ್ಕದ ಮನೆಗೆ ಬೆಲೆ ಕಡಿಮೆ. ಅಂದರೆ ಬರೀ ಹಸಿರಿಗೆ ಯಾರೂ ದುಡ್ಡು ಕೊಡುವುದಿಲ್ಲ, ನೋಡಿಕೊಂಡ ಹಸಿರಿಗೆ ಕೊಡುತ್ತಾರೆ. ನೋಡಿಕೊಳ್ಳುವ ಖರ್ಚು ಎಲ್ಲರ ತೆರಿಗೆಯದು.

ಈ ವಿಷಯದಲ್ಲಿ ಹಳೆಯ ಕಾಲದವರು ನಮಗಿಂತ ನೇರವಾಗಿದ್ದರು. ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ 1847ರಲ್ಲಿ ತೆರೆದ ಸಾರ್ವಜನಿಕ ಉದ್ಯಾನದ ಖರ್ಚನ್ನು ಸುತ್ತಲಿನ ನಿವೇಶನ ಮಾರಿ ತುಂಬಿಕೊಳ್ಳುವುದೇ ಯೋಜನೆಯಾಗಿತ್ತು. 1850ರಲ್ಲಿ ಅದನ್ನು ಕಂಡು ಬೆರಗಾದ ಫ್ರೆಡ್ರಿಕ್ ಲಾ ಓಲ್ಮ್‌ಸ್ಟೆಡ್ ಮುಂದೆ ಕ್ಯಾಲ್ವರ್ಟ್ ವಾಕ್ಸ್ ಜೊತೆಗೂಡಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ವಿನ್ಯಾಸಗೊಳಿಸಿದರು. ಅಲ್ಲಿ ಜಮೀನು ಕೊಳ್ಳಲು ತಗಲಿದ ಹಣದ ಸುಮಾರು ಮೂರನೇ ಒಂದು ಭಾಗವನ್ನು ಅಕ್ಕಪಕ್ಕದ ಭೂಮಾಲೀಕರ ಮೇಲೆಯೇ ವಿಶೇಷ ಕರವಾಗಿ ಹಾಕಲಾಯಿತು. ನಿಮ್ಮ ನೆಲದ ಬೆಲೆ ಏರಲಿದೆ, ಕೊಡಿ ಎಂಬ ಧಾಟಿ. ನನಗೆ ಇದು ಮೆಚ್ಚುಗೆ. ಆದರೆ ಅದೇ ಪಾರ್ಕಿಗಾಗಿ, ಬಹುತೇಕ ಕಪ್ಪು ಜನರಿದ್ದ ಸೆನೆಕಾ ವಿಲೇಜ್ ಎಂಬ ವಸತಿಯನ್ನು 1857ರಲ್ಲಿ ಕೆಡವಲಾಯಿತು. ಪರಿಹಾರ ಸಿಕ್ಕಿದ್ದು ಜಮೀನಿದ್ದವರಿಗೆ. ಬಾಡಿಗೆಗೆ ಇದ್ದವರು ಸುಮ್ಮನೆ ಎದ್ದು ಹೋದರು.

ಅದೇ ನ್ಯೂಯಾರ್ಕಿನಲ್ಲಿ ಗ್ರಾಮರ್ಸಿ ಪಾರ್ಕ್ ಎಂಬ ಪುಟ್ಟ ಚೌಕವಿದೆ. 1831ರಿಂದ ಅದು ಸುತ್ತಲಿನ ಮನೆಯವರ ಸ್ವತ್ತು, ಬೀಗದ ಕೈ ಇದ್ದವರಿಗಷ್ಟೇ ಪ್ರವೇಶ. ಇದು ಒಪ್ಪತಕ್ಕ ರೀತಿಯಲ್ಲ, ಆದರೆ ಪ್ರಾಮಾಣಿಕವಾದದ್ದು. ತಮ್ಮ ಮನೆಗೆ ಬೆಲೆ ತರುವ ಹಸಿರಿನ ಖರ್ಚನ್ನು ಅವರು ಊರಿನ ಮೇಲೆ ಹೊರಿಸಿಲ್ಲ. ಇದಕ್ಕೆ ಹೋಲಿಸಿದರೆ ಅದೇ ನಗರದ ಹೈಲೈನ್ ಉದ್ಯಾನದ ಕಥೆ ಹೆಚ್ಚು ಕಿರಿಕಿರಿ ಹುಟ್ಟಿಸುತ್ತದೆ. ಪಾಳುಬಿದ್ದ ಎತ್ತರದ ರೈಲು ಹಳಿಯ ಮೇಲೆ 2009ರಲ್ಲಿ ತೆರೆದುಕೊಂಡ ಈ ಉದ್ಯಾನಕ್ಕೆ ನಗರದ ಬೊಕ್ಕಸದಿಂದಲೂ ದೊಡ್ಡ ಮೊತ್ತ ಹೋಗಿದೆ. ಸುತ್ತ ಐಷಾರಾಮಿ ಅಪಾರ್ಟ್‌ಮೆಂಟುಗಳು ಎದ್ದವು, ಹಳೆಯ ಗ್ಯಾರೇಜುಗಳೂ ಅಗ್ಗದ ಬಾಡಿಗೆಗಳೂ ಮಾಯವಾದವು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ಇದನ್ನು ಕಂಡ ಕೆಲವು ವಿದ್ವಾಂಸರು ಬಡವರ ಬೀದಿಯಲ್ಲಿ ಬೆಲೆ ಕೆರಳದಂತೆ ‘ಸಾಕಾಗುವಷ್ಟೇ ಹಸಿರು’ ಬೆಳೆಸಿ ಎಂದು ಸಲಹೆ ಕೊಡುತ್ತಾರೆ. ಅವರ ಕಾಳಜಿ ಅರ್ಥವಾಗುತ್ತದೆ, ಸಲಹೆ ಗಂಟಲಲ್ಲಿ ಇಳಿಯುವುದಿಲ್ಲ. ಬಾಡಿಗೆ ಏರಬಾರದೆಂದು ನೆರಳನ್ನೇ ಅಳೆದು ಕೊಡುವುದು ಯಾವ ನ್ಯಾಯ?

ವಿಯೆನ್ನಾ ಹಿಡಿದ ದಾರಿ ಬೇರೆ. ಅದು ಪಾರ್ಕನ್ನು ಕುಗ್ಗಿಸಲಿಲ್ಲ, ಮನೆಯನ್ನು ಮಾರುಕಟ್ಟೆಯಿಂದ ಹೊರಗಿಟ್ಟಿತು. 1930ರಲ್ಲಿ ಉದ್ಘಾಟನೆಯಾದ ಕಾರ್ಲ್ ಮಾರ್ಕ್ಸ್ ಹೋಫ್ ಒಂದು ಕಿಲೋಮೀಟರಿಗೂ ಉದ್ದವಾದ ಕಾರ್ಮಿಕ ವಸತಿ. ಅದರ ನೆಲದಲ್ಲಿ ಕಟ್ಟಡಕ್ಕೆ ಹೋದದ್ದು ಐದನೇ ಒಂದು ಭಾಗಕ್ಕೂ ಕಡಿಮೆ. ಮಿಕ್ಕದ್ದು ಅಂಗಳ, ಹುಲ್ಲು, ಮರ. ಇಂದಿಗೂ ನಗರದ ಅರ್ಧದಷ್ಟು ಜನ ಪಾಲಿಕೆಯ ಅಥವಾ ಸರ್ಕಾರಿ ನೆರವಿನ ಮನೆಗಳಲ್ಲಿದ್ದಾರೆ. ಅವರ ಪಾಲಿಗೆ ಪಕ್ಕದಲ್ಲೊಂದು ಹೊಸ ಪಾರ್ಕು ಬಂದರೆ ಬಂದದ್ದು ಪಾರ್ಕು ಮಾತ್ರ. ಸಿಂಗಪುರದಲ್ಲೂ ನೆಲದ ಬಹುಪಾಲು ಸರ್ಕಾರದ್ದು, ನಿವಾಸಿಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿ ಸರ್ಕಾರ ಕಟ್ಟಿದ ಫ್ಲ್ಯಾಟುಗಳಲ್ಲಿದ್ದಾರೆ. 2030ರೊಳಗೆ ಪ್ರತಿ ಮನೆಗೂ ಹತ್ತು ನಿಮಿಷದ ನಡಿಗೆಯಲ್ಲಿ ಪಾರ್ಕು ಸಿಗಬೇಕೆಂಬುದು ಅಲ್ಲಿನ ಗುರಿ. ಎಲ್ಲರ ಬಾಗಿಲಿಗೂ ಹಸಿರು ಬಂದಮೇಲೆ ಅದಕ್ಕೆಂದೇ ಹೆಚ್ಚು ಬೆಲೆ ಕೇಳುವುದು ಕಷ್ಟ. ಕೊರತೆಯೇ ತಾನೆ ಬೆಲೆಯ ಮೂಲ. ಆದರೂ ಅಲ್ಲಿ ಫ್ಲ್ಯಾಟುಗಳ ಮರುಮಾರಾಟ ನಡೆಯುವುದು ಮಾರುಕಟ್ಟೆಯ ದರದಲ್ಲೇ. ಅಷ್ಟರ ಮಟ್ಟಿಗೆ ವಿಯೆನ್ನಾ ಮೇಲು.

ನನ್ನಂಥ ಹೊರಗಿನವನಿಗೆ ಇಲ್ಲೊಂದು ತೊಡಕಿದೆ. ವಿಯೆನ್ನಾದಲ್ಲಿ ಪಾಲಿಕೆಯ ಮನೆಗೆ ಅರ್ಜಿ ಹಾಕಲು ಎರಡು ವರ್ಷ ಅಲ್ಲೇ ವಾಸವಿರಬೇಕು. ಸಿಂಗಪುರದಲ್ಲಿ ಕಾಯಂ ನಿವಾಸಿಯಲ್ಲದ ವಿದೇಶಿ ಸರ್ಕಾರಿ ಫ್ಲ್ಯಾಟ್ ಕೊಳ್ಳುವಂತಿಲ್ಲ. ಇದ್ದುದರಲ್ಲಿ ನ್ಯಾಯವಾದ ಈ ಎರಡೂ ವ್ಯವಸ್ಥೆಗಳಲ್ಲಿ ಹೊಸಬನಿಗೆ ಸಾಲಿನ ಕೊನೆಯೇ ಗತಿ. ಅಲ್ಲಿಯವರೆಗೆ ಅವನು ಉಳಿದ ಖಾಸಗಿ ಮಾರುಕಟ್ಟೆಯಲ್ಲಿ ಮರದ ನೆರಳಿಗೂ ಸೇರಿಸಿ ಬಾಡಿಗೆ ಕಟ್ಟಬೇಕು. ಹೀಗಿದ್ದರೂ ಆಯ್ಕೆ ಮಾಡೆಂದರೆ ನಾನು ವಿಯೆನ್ನಾದ ಸಾಲಿನಲ್ಲೇ ನಿಲ್ಲುತ್ತೇನೆ. ಹೈಲೈನ್ ಪಕ್ಕದಲ್ಲಿ ನಿಲ್ಲಲು ಸಾಲೇ ಇಲ್ಲವಲ್ಲ.