ಖಾತೆಯಲ್ಲಿ ದುಡ್ಡಿಲ್ಲ, ಅದಕ್ಕೇ ದಂಡ

ದುಡ್ಡು ಜಾಸ್ತಿ ಇಟ್ಟವರಿಗೆ ಬ್ಯಾಂಕಿನಲ್ಲಿ ಡಿಡಿ ಫ್ರೀ, ಲಾಕರ್ ಬಾಡಿಗೆಯಲ್ಲಿ ರಿಯಾಯಿತಿ, ಮ್ಯಾನೇಜರ್ ರೂಮಿನಲ್ಲಿ ಕಾಫಿ. ದುಡ್ಡಿಲ್ಲದವರಿಗೆ ದಂಡ. ಈ ಲೆಕ್ಕ ನನಗೆ ಎಷ್ಟು ಯೋಚಿಸಿದರೂ ಸರಿ ಅನ್ನಿಸುತ್ತಿಲ್ಲ.

ಕಳೆದ ವರ್ಷ ಪೀಣ್ಯದಲ್ಲಿ ನನ್ನ ಕೆಲಸ ಹೋಯಿತು. ಸಂಬಳದ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ಬೇಡ ಅಂತಾರಲ್ಲ, ಅದು ಸಂಬಳ ಬೀಳುವ ತನಕ ಮಾತ್ರ. ಮೂರು ತಿಂಗಳು ಬೀಳದಿದ್ದರೆ ಬಹಳಷ್ಟು ಬ್ಯಾಂಕುಗಳು ಅದನ್ನು ಮಾಮೂಲಿ ಉಳಿತಾಯ ಖಾತೆ ಮಾಡಿಬಿಡುತ್ತವೆ. ನನ್ನ ಖಾಸಗಿ ಬ್ಯಾಂಕೂ ಅದನ್ನೇ ಮಾಡಿತು. ಅಂದಿನಿಂದ 10,000 ಇಟ್ಟಿರಲೇಬೇಕಂತೆ, ಇಲ್ಲದಿದ್ದರೆ ದಂಡ. ಕೆಲಸ ಇಲ್ಲದವನು ಸುಮ್ನೆ ಮಲಗಿಸೋಕೆ ಹತ್ತು ಸಾವಿರ ಎಲ್ಲಿಂದ ತರಬೇಕು?

ಇದರ ಮೇಲೆ ಬೈಕ್ ಸಾಲದ ಕಂತು. ಕಂತು ಬೌನ್ಸ್ ಆದರೆ ಬ್ಯಾಂಕಿಗೆ 500, 18 ಪರ್ಸೆಂಟ್ ಜಿಎಸ್‌ಟಿ ಸೇರಿ 590. ಸಾಲ ಕೊಟ್ಟ ಕಂಪನಿಯ ದಂಡ ಬೇರೆ. ಅವರು ಅದೇ ತಿಂಗಳು ಇನ್ನೊಮ್ಮೆ ಕಂತಿಗೆ ಹಾಕಿದರು, ಇನ್ನೊಂದು 590. ಖಾಲಿ ಖಾತೆಯಿಂದ ಹೇಗೆ ತಗೋತಾರೆ ಅಂತೀರಾ? ಬಾಕಿ ಅಂತ ಬರೆದಿಟ್ಟು ಕಾಯುತ್ತಾರೆ. ಅಕ್ಕ ರೇಷನ್‌ಗೆ ಅಂತ 2,000 ಫೋನ್‌ಪೇ ಮಾಡಿದಳು. ಅವಳಿಗೆ ಥ್ಯಾಂಕ್ಸ್ ಹೇಳಿ ಮುಗಿಸುವಷ್ಟರಲ್ಲಿ 1,180 ಕಡಿತ ಆಯಿತು ಅಂತ ಮೆಸೇಜ್ ಬಂತು. ಉಳಿದದ್ದು 820. ಅವತ್ತಿಂದ ಕೈಸಾಲವೂ ಅಮ್ಮನ ಜನಧನ್ ಖಾತೆಗೇ. ಅದಕ್ಕೆ ಯಾರೂ ಕೈ ಹಾಕಲ್ಲ.

ಶಾಖೆಗೆ ಹೋಗಿ ಕೇಳಿದೆ. "ಸಿಸ್ಟಮ್ಮೇ ಕಟ್ ಮಾಡುತ್ತೆ ಸರ್, ನಮ್ಮ ಕೈಯಲ್ಲಿಲ್ಲ." ಹಾಗಾದ್ರೆ ಬೇಸಿಕ್ ಉಳಿತಾಯ ಖಾತೆಗೆ ಬದಲಾಯಿಸಿಕೊಡಿ ಮೇಡಂ ಅಂದೆ. "ಅದು ಬಿಪಿಎಲ್‌ನವರಿಗೆ ಸರ್." ಅಲ್ಲ. ಅದು ಯಾರಿಗೆ ಬೇಕಾದರೂ ಸಿಗುತ್ತದೆ. ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡ್ ಫ್ರೀ. ಆದರೆ ಒಂದು ಷರತ್ತು: ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು.

ಇನ್ನೂ ಒಂದು ನಿಯಮ ಇದೆ, 2015ರ ಏಪ್ರಿಲ್‌ನಿಂದ. ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ತಿಳಿಸಬೇಕು, ತುಂಬೋಕೆ ಒಂದು ತಿಂಗಳಾದರೂ ಟೈಮ್ ಕೊಡಬೇಕು. ಎಷ್ಟು ಕಮ್ಮಿ ಇದೆಯೋ ಅದಕ್ಕೆ ತಕ್ಕಷ್ಟೇ ದಂಡ. ಆ ದಂಡದಿಂದ ಖಾತೆ ಮೈನಸ್‌ಗೆ ಹೋಗುವಂತಿಲ್ಲ. ನನಗೆ ಯಾವ ಸೂಚನೆಯೂ ಬಂದಿರಲಿಲ್ಲ. ಇದನ್ನೇ ಬರೆದು ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಂಡೆ. ಬಾಯಿಮಾತಿಗೆ ಆಗದ್ದು ಸೀಲ್ ಬಿದ್ದ ಮೇಲೆ ಆಯಿತು. ಬ್ಯಾಲೆನ್ಸ್ ದಂಡ ವಾಪಸ್ ಬಂತು. ಬೌನ್ಸ್ ದುಡ್ಡು ಬರಲಿಲ್ಲ. ತಮಾಷೆ ಅಂದ್ರೆ ಅದೇ ವಾರ ಅದೇ ಬ್ಯಾಂಕಿನಿಂದ ಫೋನ್: "ನಿಮಗೆ ಪರ್ಸನಲ್ ಲೋನ್ ರೆಡಿ ಇದೆ ಸರ್"!

ಖಾತೆ ನಡೆಸೋಕೆ ಖರ್ಚಿದೆ ಅನ್ನುತ್ತಾರೆ. ಇರಲಿ. ಎಸ್‌ಬಿಐ 2020ರಲ್ಲೇ ಈ ಬ್ಯಾಲೆನ್ಸ್ ದಂಡ ಬಿಟ್ಟಿತು. ನಮ್ಮ ಮಂಗಳೂರಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ಬಿಟ್ಟಿತು. ಎರಡೂ ಬಾಗಿಲು ಹಾಕಿಲ್ಲ. 2023-24ರವರೆಗಿನ ಐದು ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳೇ ಹೀಗೆ ಹತ್ತಿರ ಹತ್ತಿರ 8,500 ಕೋಟಿ ವಸೂಲಿ ಮಾಡಿದ್ದವು. ಲೋಕಸಭೆಯಲ್ಲಿ ಸರ್ಕಾರವೇ ಕೊಟ್ಟ ಲೆಕ್ಕ. ಅದರಲ್ಲಿ ಶ್ರೀಮಂತರ ದುಡ್ಡು ಎಷ್ಟಿರಬಹುದು ಹೇಳಿ.

ಸಾಲ ನನ್ನದೇ, ತೀರಿಸುತ್ತೇನೆ. ಅದಕ್ಕೆ ತಕರಾರಿಲ್ಲ. ಆದರೆ ಕಂತು ತಪ್ಪಿದ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಹಾಕುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ. ಸ್ಟೇಟ್‌ಮೆಂಟ್ ತರಿಸಿ ನೋಡಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ) ದೂರು ಕೊಡಬಹುದು, ಖರ್ಚಿಲ್ಲ. ಸಹಾಯವಾಣಿ 14448.

ಕೆಲಸ ಹೋಗಿದೆ ಅಂತ ನೆಂಟರಿಗೆ ಹೇಳೋಕೆ ನಾಚಿಕೆ ಆದರೆ ಹೇಳಬೇಡಿ. ಬ್ಯಾಂಕಿಗೆ ಮಾತ್ರ ಮೊದಲ ತಿಂಗಳೇ ಹೇಳಿ, ಬರವಣಿಗೆಯಲ್ಲಿ. ನಾನು ಕೊಟ್ಟ ಅರ್ಜಿ ಕನ್ನಡದಲ್ಲೇ ಇದೆ, ಒಂದೇ ಪುಟ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಹೆಸರು, ಖಾತೆ ನಂಬರ್ ಬದಲಾಯಿಸಿಕೊಂಡರೆ ಸಾಕು.